ದರ ಒಂದೇ, ಗಡಿಯಾರ ಎರಡು

ಮೇಡಂ ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದ್ದು ಗೂಡ್ಸ್ ರೈಲಿನ ಒಬ್ಬ ಚಾಲಕರು. ವೈಟ್‌ಫೀಲ್ಡ್ ಆಚೆಗಿರುವ ನಮ್ಮ ಟರ್ಮಿನಲ್ಲಿಗೆ ರೈಲು ತಂದು ನಿಲ್ಲಿಸಿ, ಕಾಗದಕ್ಕೆ ಸಹಿ ಹಾಕುತ್ತ, "ನಿಮ್ ಹುಬ್ಬಳ್ಳಿ ಮೇಡಂ ಹೋಗ್ಬಿಟ್ರಂತಲ್ಲ ಸಾರ್, ಹೋದ ವಾರ" ಅಂದರು. ನಾನು ಅವರ ಮುಖ ನೋಡಿದೆ. ಅವರ ಕಡೆಯವರೊಬ್ಬರು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದಾರೆ, ಮಾತಿನ ನಡುವೆ ಸುದ್ದಿ ಬಂತು, ಅಷ್ಟೆ. ಅವರು ನೀರಿನ ಬಾಟಲಿ ತುಂಬಿಸಿಕೊಂಡು ಹೊರಟರು. ನನಗೆ ಫೋನ್ ಮಾಡಿ ಹೇಳುವವರು ಯಾರೂ ಇರಲಿಲ್ಲ. ಮೇಡಂ ಮದುವೆಯಾಗಿರಲಿಲ್ಲ, ಜೊತೆಗಿದ್ದ ಅಕ್ಕ ಅವರಿಗಿಂತ ಮೊದಲೇ ಹೋಗಿದ್ದರು.

ನಾನು ಅವರ ಕೈಕೆಳಗೆ ಆರು ವರ್ಷ ಕೆಲಸ ಮಾಡಿದೆ. ನಮ್ಮದು ಖಾಸಗಿ ಟರ್ಮಿನಲ್. ರೈಲ್ವೆಯ ಮುಖ್ಯ ಹಳಿಯಿಂದ ಒಂದು ಕವಲು ಒಡೆದು, ಸುಮಾರು ಒಂದು ಕಿಲೋಮೀಟರ್ ಬಂದು, ಮೂರು ಲೈನುಗಳಾಗಿ ನಮ್ಮ ಅಂಗಳದಲ್ಲಿ ಮುಗಿಯುತ್ತದೆ. ಆ ಹಳಿ ಹಾಕಿಸಿದ್ದು ನಮ್ಮ ಕಂಪನಿ. ಕಂಪನಿಗೆ ತನ್ನದೇ ಕಂಟೇನರ್ ರೈಲುಗಳಿವೆ. ಜೊತೆಗೆ ಬೇರೆಯವರ ರೈಲುಗಳೂ ಅದೇ ಹಳಿಯ ಮೇಲೆ ಬಂದು ಸರಕು ಇಳಿಸಿ, ಏರಿಸಿಕೊಂಡು ಹೋಗುತ್ತವೆ, ಅದಕ್ಕೆ ಬಾಡಿಗೆ ಕಟ್ಟುತ್ತವೆ. ಆ ಬಾಡಿಗೆ ಎಷ್ಟು, ಯಾವ ನಿಯಮದ ಮೇಲೆ ಎಂದು ನೋಡಿಕೊಳ್ಳುವುದು ಮೇಡಂ ಕೆಲಸ. ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ದುಡಿದು, ಸ್ವಯಂ ನಿವೃತ್ತಿ ಪಡೆದು, ಅಕ್ಕನ ಚಿಕಿತ್ಸೆಗೆಂದು ಬೆಂಗಳೂರಿಗೆ ಬಂದು, ಕಾಂಟ್ರಾಕ್ಟ್ ಮೇಲೆ ನಮ್ಮಲ್ಲಿ ಸೇರಿದ್ದರು. ವರ್ತೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ.

ಕುಳ್ಳಗೆ, ಗಟ್ಟಿಯಾಗಿದ್ದರು. ತುರುಬಿನಲ್ಲಿ ಯಾವಾಗಲೂ ಒಂದು ಪೆನ್ಸಿಲ್. ಕಂಪ್ಯೂಟರಿನಲ್ಲಿ ಬಂದ ಕಾಗದವನ್ನೂ ಮುದ್ರಿಸಿಕೊಂಡು, ಆ ಪೆನ್ಸಿಲ್ ಎಳೆದು, ಸಾಲು ಸಾಲಾಗಿ ಗಟ್ಟಿಯಾಗಿ ಓದುತ್ತಿದ್ದರು. ಯಾರಾದರೂ ಬಂದು "ಮೇಡಂ, ರೂಲ್ಸ್‌ನಲ್ಲಿ ಹೀಗಿದೆ" ಎಂದರೆ, "ತಡೀರಿ, ಓದೂಣು" ಅನ್ನುತ್ತಿದ್ದರು. ಹಾಗೆ ಓದಲು ಕೂತರೆಂದರೆ ಬಂದವರಲ್ಲಿ ಅರ್ಧ ಜನ ಅಲ್ಲಿಗೇ ತಣ್ಣಗಾಗುತ್ತಿದ್ದರು. ತಮಿಳಿನ ಚಾಲಕರ ಜೊತೆ ತಮಿಳು, ಆಂಧ್ರದವರ ಜೊತೆ ತೆಲುಗು, ಬಿಹಾರದ ಹಮಾಲರ ಜೊತೆ ಹಿಂದಿ. ಎಲ್ಲವೂ ಹುಬ್ಬಳ್ಳಿಯ ರಾಗದಲ್ಲೇ.

ಮೊದಲ ದಿನ ನಾನು ಒಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ದರಪಟ್ಟಿಯ ಫೈಲನ್ನು ಓದಲು ಸಿದ್ಧನಾಗಿ ಕೂತಿದ್ದೆ. ಅವರು ಅದನ್ನು ನನ್ನ ಕೈಯಿಂದ ತೆಗೆದಿಟ್ಟರು.

"ತಮ್ಮಾ, ಬಿಸಲಾಗ ನಡಿಯಾಕ ಬರತೈತೇನು?"

"ಬರುತ್ತೆ ಮೇಡಂ. ಹೊಸಕೋಟೆ ಕಡೆಯವನು ನಾನು, ಹೊಲದಲ್ಲೇ ಬೆಳೆದಿದ್ದು."

"ಹಂಗಾರ ಬಾ. ಇದು ಕುಂತ ಓದಿದ್ರ ತಿಳಿಯೂದಿಲ್ಲ."

ಗೇಟಿನಿಂದ ಲೈನಿನ ಕೊನೆಯವರೆಗೆ ಜಲ್ಲಿಯ ಮೇಲೆ ನಡೆಸಿದರು. ಎಲ್ಲಿ ಹಳಿಯಡಿಯ ಸ್ಲೀಪರ್ ಬದಲಾಯಿಸಿದ್ದಾರೆ, ಎಲ್ಲಿ ಮಳೆ ಬಂದರೆ ನೀರು ನಿಲ್ಲುತ್ತದೆ, ಲೈನು ಬದಲಿಸುವ ಪಾಯಿಂಟ್ ತಿರುಗಿಸಲು ಎಷ್ಟು ಜನ ಬೇಕು, ಕ್ರೇನಿಗೆ ಗಂಟೆಗೆ ಎಷ್ಟು ಡೀಸೆಲ್, ಎಲ್ಲವನ್ನೂ ಬೆರಳು ಮಾಡಿ ತೋರಿಸಿದರು. ಕೊನೆಯಲ್ಲಿ ನಿಂತು, ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು: "ಈಗ ಹೇಳು. ಇದರ ಮ್ಯಾಲೆ ಒಂದು ಗಾಡಿ ಬಂದು ಹೋಗಾಕ ಎಷ್ಟು ತಗೋಬೇಕು?"

"ಗೊತ್ತಾಗ್ತಿಲ್ಲ ಮೇಡಂ."

"ಛಲೋ ಆತು. ಗೊತ್ತೈತಿ ಅಂದಿದ್ರ ನಿನಗ ಕಲಸೂದು ತ್ರಾಸ ಆಗ್ತಿತ್ತು."

ದರ ಯಾಕೆ ಎಲ್ಲರಿಗೂ ಒಂದೇ ಇರಬೇಕು ಎಂದು ನಾನು ಕೇಳಿದ್ದು ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ. ಹಳಿ ನಮ್ಮದು, ನಮ್ಮ ರೈಲಿಗೆ ಕಡಿಮೆ ಮಾಡಿಕೊಂಡರೆ ತಪ್ಪೇನು ಎನ್ನುವುದು ನನ್ನ ಲೆಕ್ಕ. ಅವರು ರೊಟ್ಟಿ ಮುರಿದು ಶೇಂಗಾ ಚಟ್ನಿಯ ಜೊತೆ ನನ್ನ ಡಬ್ಬಿಯ ಮುಚ್ಚಳದಲ್ಲಿಟ್ಟರು.

"ನಮ್ಮ ಓಣ್ಯಾಗ ಹಿಟ್ಟಿನ ಗಿರಣಿ ಇತ್ತು. ಗಿರಣಿಯಂವ ತನ್ನ ಮನೀ ಜ್ವಾಳ ಮೊದಲ ಬೀಸ್ಕೊಂಡ್ರ ಯಾರೂ ಏನೂ ಅನ್ನತಿದ್ದಿಲ್ಲ. ಸಿಟ್ಟು ಬಂದವ್ರು ಮುಂದಿನ ಓಣಿ ಗಿರಣಿಗೆ ಹೋಗ್ತಿದ್ರು. ಇಲ್ಲೆ ಇನ್ನೊಂದು ಹಳಿ ಎಲ್ಲೈತಿ? ಅದಕ್ಕ ರೈಲ್ವೆದವ್ರು ಈ ಹಳಿ ಹಾಕಾಕ ಒಪ್ಪಿಗಿ ಕೊಡೂ ಮುಂದ ನಮ್ಮ ಕಡಿಂದ ಒಂದು ಮಾತು ಬರಸ್ಕೊಂಡಾರ. ಎಲ್ಲಾ ಗಾಡಿಗೂ ಒಂದ ದರ, ಒಂದ ನಿಯಮ. ನಮ್ಮ ಗಾಡಿ ಆದ್ರೂ ಅಷ್ಟ, ಮಂದೀ ಗಾಡಿ ಆದ್ರೂ ಅಷ್ಟ. ಆ ಮಾತಿನ ಮ್ಯಾಲೆ ಈ ಹಳಿ ನಿಂತೈತಿ, ಜಲ್ಲಿ ಮ್ಯಾಲೆ ಅಲ್ಲ."

ಅವರ ಜೊತೆ ಕೆಲಸ ಮಾಡುವುದು ಸುಲಭವಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಹೊಗಳಿಕೆ ಅವರ ಬಾಯಿಂದ ಬರುತ್ತಿರಲಿಲ್ಲ. ಒಂದು ಬಿಲ್ಲಿನಲ್ಲಿ ಹತ್ತು ನಿಮಿಷ ತಪ್ಪಿದ್ದರೆ ಇಡೀ ವಾರದ ಬಿಲ್ಲುಗಳನ್ನು ತಿರುಗಿ ಮಾಡಿಸುತ್ತಿದ್ದರು. ನನಗಿಂತ ಮೊದಲಿದ್ದ ಇಬ್ಬರು ಬೇಸತ್ತು ಬೆಳ್ಳಂದೂರಿನ ಟೆಕ್ ಪಾರ್ಕಿನಲ್ಲಿ ಕೆಲಸ ಹುಡುಕಿಕೊಂಡಿದ್ದರು. ನಾನೂ ಎರಡು ಸಲ ಅರ್ಜಿ ಹಾಕಿದ್ದೆ.

ಹೊರಗಿನ ರೈಲುಗಳಲ್ಲಿ ಒಂದು ಪೀಣ್ಯದವರೊಬ್ಬರದ್ದು. ಬಾಗಲಗುಂಟೆಯಲ್ಲಿ ಮನೆ, ಒಂದೇ ಲಾರಿಯಿಂದ ಶುರುಮಾಡಿ ಮೇಲೆ ಬಂದ ಮನುಷ್ಯ. ಪೀಣ್ಯದ ಸಣ್ಣಪುಟ್ಟ ಕಾರ್ಖಾನೆಗಳ ಯಂತ್ರದ ಬಿಡಿಭಾಗಗಳನ್ನು ಒಟ್ಟುಮಾಡಿ ಕಂಟೇನರಿಗೆ ತುಂಬಿ, ಗುತ್ತಿಗೆ ಹಿಡಿದ ಒಂದೇ ಒಂದು ರೈಲಿನಲ್ಲಿ ವಾರಕ್ಕೆರಡು ಸಲ ಚೆನ್ನೈ ಬಂದರಿಗೆ ಕಳಿಸುತ್ತಿದ್ದರು. ಆ ರೈಲು ನಮ್ಮಲ್ಲಿಗೆ ಬಂದಾಗಲೆಲ್ಲ ಡೆಮರೇಜ್ ಬೀಳುತ್ತಿತ್ತು. ಡೆಮರೇಜ್ ಅಂದರೆ ಕೊಟ್ಟ ಐದು ಗಂಟೆಗಿಂತ ಹೆಚ್ಚು ಹೊತ್ತು ರೈಲು ನಿಂತರೆ ಕಟ್ಟಬೇಕಾದ ದಂಡ. ನಮ್ಮ ಆಫೀಸಿನಲ್ಲಿ ಎಲ್ಲರೂ ಅವರ ಹಮಾಲರು ನಿಧಾನ ಎಂದೇ ತಿಳಿದಿದ್ದೆವು. ಒಂದು ಸಲ ಅವರು ಬಿಲ್ಲು ಹಿಡಿದು ಮೇಡಂ ಮುಂದೆ ಬಂದು ಕೂತರು.

"ಮೇಡಂ, ನಾನು ಓದಿರೋದು ಏಳನೇ ಕ್ಲಾಸು. ಆದ್ರೆ ಗಡಿಯಾರ ನೋಡಕ್ ಬರುತ್ತೆ. ನಮ್ ಹುಡುಗ್ರು ನಾಲ್ಕೂವರೆ ಗಂಟೇಲಿ ಕೆಲ್ಸ ಮುಗಿಸ್ತಾರೆ. ನಿಮ್ ಬಿಲ್ಲಲ್ಲಿ ಏಳು ಗಂಟೆ ಅಂತಿದೆ. ಹೀಗೇ ಆದ್ರೆ ಮುಂದಿನ್ ತಿಂಗ್ಳು ರೈಲು ವಾಪಸ್ ಕೊಟ್ಬಿಟ್ಟು ಮತ್ತೆ ಲಾರಿ ಓಡಿಸ್ತೀನಿ. ನನ್ನ ನಂಬ್ಕೊಂಡು ನಲವತ್ತು ಮನೆ ಇದಾವೆ."

ಮೇಡಂ ಸಮಾಧಾನ ಹೇಳಲಿಲ್ಲ. "ಬಿಲ್ಲು ಇಲ್ಲೆ ಇಟ್ಟ ಹೋಗ್ರಿ" ಅಂದರು.

ಮಾರನೆಯ ದಿನದಿಂದ ಅವರು ಛತ್ರಿ ಹಿಡಿದು ಗೇಟಿನ ಹತ್ತಿರ ನಿಲ್ಲತೊಡಗಿದರು. ಯಾವ ರೈಲು ಎಷ್ಟು ಹೊತ್ತಿಗೆ ಗೇಟಿಗೆ ಬಂತು, ಎಷ್ಟು ಹೊತ್ತಿಗೆ ಕ್ರೇನಿನ ಲೈನಿಗೆ ಹೋಯಿತು ಎಂದು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು. ಹನ್ನೊಂದು ದಿನ. ಗೇಟಿನೆದುರಿನ ಕಾಕಾ ಅಂಗಡಿಯಿಂದ ಚಹಾ ತರಿಸಿ ಅಲ್ಲೇ ನಿಂತು ಕುಡಿದರು. ಹನ್ನೆರಡನೆಯ ದಿನ ನನ್ನನ್ನು ಕರೆದು, ನಾನೇ ಕಂಪ್ಯೂಟರಿಗೆ ತುಂಬಿದ್ದ ಸಮಯಗಳ ಪಟ್ಟಿಯನ್ನು ತಮ್ಮ ಪುಸ್ತಕದ ಪಕ್ಕಕ್ಕಿಟ್ಟರು.

ನೋಡಿದ ಕೂಡಲೇ ತಿಳಿಯಿತು. ನಮ್ಮ ಕಂಪನಿಯ ರೈಲುಗಳಿಗೆ ಗಡಿಯಾರ ಶುರುವಾಗುತ್ತಿದ್ದದ್ದು ಅವು ಕ್ರೇನಿನ ಲೈನಿಗೆ ಬಂದು ನಿಂತ ಮೇಲೆ. ಹೊರಗಿನವರ ರೈಲುಗಳಿಗೆ ಗೇಟಿಗೆ ಬಂದ ಕೂಡಲೇ. ಗೇಟು ದಾಟಿದ ಮೇಲೆ ನಮ್ಮ ರೈಲು ಲೈನು ಖಾಲಿ ಮಾಡುವ ತನಕ ಹೊರಗಿನವರು ಎರಡು ಗಂಟೆ, ಎರಡೂವರೆ ಗಂಟೆ ಕಾಯಬೇಕು. ನಾವೇ ಕಾಯಿಸಿ, ಕಾದದ್ದಕ್ಕೆ ಅವರಿಂದಲೇ ದಂಡ ಕಟ್ಟಿಸಿಕೊಳ್ಳುತ್ತಿದ್ದೆವು. ಗೋಡೆಯ ಮೇಲಿನ ದರಪಟ್ಟಿಯಲ್ಲಿ ಮಾತ್ರ ಎಲ್ಲರಿಗೂ ಒಂದೇ ದರ.

ನಾನು ಸೇರಿದ ವಾರದಲ್ಲಿ ಶಿಫ್ಟ್ ಇನ್‌ಚಾರ್ಜ್ ಹೇಳಿಕೊಟ್ಟಿದ್ದರು: "ಹೊರಗಿನ್ ಗಾಡಿಗೆ ಗೇಟ್ ಟೈಮು, ನಮ್ ಗಾಡಿಗೆ ಲೈನ್ ಟೈಮು. ಅಷ್ಟೇ ಗುರು." ನಾನು ಯಾಕೆ ಎಂದು ಕೇಳಿರಲಿಲ್ಲ. ಎರಡು ವರ್ಷ ಹಾಗೆಯೇ ತುಂಬಿದ್ದೆ.

"ನಂದೇ ತಪ್ಪು ಮೇಡಂ."

"ನಿಂದೂ ಐತಿ, ನಂದೂ ಐತಿ. ನೀ ಹಾಕಿದ ಟೈಮಿಗೆ ಸಹಿ ಮಾಡಿದಾಕಿ ನಾನ. ದರ ನೋಡಕೋತ ಕುಂತೆ, ಗಡಿಯಾರ ನೋಡಲಿಲ್ಲ." ಅವರು ಪುಸ್ತಕ ಮುಚ್ಚಿದರು. ಅವರ ಮುಖದಲ್ಲಿ ನಾಚಿಕೆ ಕಂಡದ್ದು ಅದೊಂದೇ ಸಲ.

ಆಗಿನ ಜನರಲ್ ಮ್ಯಾನೇಜರ್ ಕೋಣೆಗೆ ನನ್ನನ್ನೂ ಕರೆದುಕೊಂಡು ಹೋದರು. ಆತ ಕೆಟ್ಟ ಮನುಷ್ಯನೇನಲ್ಲ, ನಯವಾಗಿ ಮಾತನಾಡುವವರು. ಎರಡೂ ಪಟ್ಟಿ ನೋಡಿ ಕುರ್ಚಿಗೆ ಒರಗಿದರು.

"ಮೇಡಂ, ಇದು ಮೊದ್ಲಿಂದ ಇರೋ ಪ್ರಾಕ್ಟೀಸ್. ರೇಟ್ ಎಲ್ಲರಿಗೂ ಒಂದೇ ಇದೆಯಲ್ಲ? ಯಾರೂ ರೈಟಿಂಗ್‌ನಲ್ಲಿ ಕಂಪ್ಲೇಂಟ್ ಕೊಟ್ಟಿಲ್ಲ."

"ಕೊಟ್ಟು ಎಲ್ಲಿ ಹೋಗ್ತಾರ್ರೀ ಸರ್? ಮರುದಿನ ಮತ್ತ ಇದ ಹಳಿಗೆ ಬರಬೇಕಲ್ಲ."

"ನಾವು ದುಡ್ಡು ಹಾಕಿ ಕಟ್ಟಿದ್ದು ಇದು. ನಮಗೊಂದು ಸ್ವಲ್ಪ ಅಡ್ವಾಂಟೇಜ್ ಇರ್ಬಾರ್ದಾ?"

"ಇರ್ಲಿ ಸರ್. ಹಂಗಿದ್ರ ದರಪಟ್ಟಿ ಮ್ಯಾಲೆ ಬರದು ಕೊಡ್ರಿ, ನಮಗೊಂದು ಗಡಿಯಾರ, ಮಂದಿಗೊಂದು ಗಡಿಯಾರ ಅಂತ. ನಾಳೆ ಮುಂಜಾನೆ ಗ್ವಾಡಿಗೆ ಹಚ್ಚತೀನಿ."

ಆತ ಪೇಪರ್‌ವೇಯ್ಟ್ ತಿರುಗಿಸುತ್ತ ಕೇಳಿದರು: "ನಿಮ್ಮ ಸಿಸ್ಟರ್ ಡಯಾಲಿಸಿಸ್ ನಮ್ ಇನ್ಶೂರೆನ್ಸಲ್ಲೇ ನಡೀತಿದೆ ಅಲ್ವಾ ಮೇಡಂ?"

ಮೇಡಂ ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಂಡರು. "ಹೌದ್ರಿ, ವಾರಕ್ಕ ಎರಡ ಸಲ. ಸೇರಿಸಿಕೊಟ್ಟಿದ್ದು ಭಾಳ ಉಪಕಾರ ಆಗೇತ್ರಿ" ಎಂದು ಹೇಳಿ, ನಮಸ್ಕಾರ ಮಾಡಿ ಹೊರಗೆ ಬಂದರು.

ಆವತ್ತಿನಿಂದ ಡೆಮರೇಜ್ ಬಿಲ್ಲುಗಳಿಗೆ ಅವರು ಸಹಿ ಮಾಡಲಿಲ್ಲ. ವಾರದೊಳಗೆ ಅವರ ಮೇಜು ಹಿಂಭಾಗದ ರೆಕಾರ್ಡ್ ರೂಮಿಗೆ ಹೋಯಿತು, ಸಹಿಯ ಅಧಿಕಾರ ಬೇರೊಬ್ಬರಿಗೆ ಹೋಯಿತು. ಕಾಂಟ್ರಾಕ್ಟ್ ನವೀಕರಣದ ಕಾಗದ ಬಂದಾಗ ಅದರ ಇನ್ಶೂರೆನ್ಸ್ ಪಟ್ಟಿಯಲ್ಲಿ ಅಕ್ಕನ ಹೆಸರಿರಲಿಲ್ಲ. ಮೇಡಂ ಅದನ್ನೂ ಗಟ್ಟಿಯಾಗಿ ಓದಿ, ಕೆಳಗೆ ಸಹಿ ಹಾಕಿ ಕೊಟ್ಟರು. ಮುಂದೆ ವಾರಕ್ಕೆರಡು ದಿನ ಬೆಳಿಗ್ಗೆ ಐದಕ್ಕೇ ಎದ್ದು, ಅಕ್ಕನನ್ನು ಬಸ್ಸಿನಲ್ಲಿ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು, ಅಲ್ಲಿ ಬಿಟ್ಟು, ಹತ್ತು ಗಂಟೆಗೆ ಕೆಲಸಕ್ಕೆ ಬರುತ್ತಿದ್ದರು. ಸಂಜೆ ಮತ್ತೆ ಹೋಗಿ ಕರೆತರುತ್ತಿದ್ದರು.

ನನಗೆ ತಡೆಯದೆ ಒಂದು ದಿನ ರೆಕಾರ್ಡ್ ರೂಮಿಗೆ ಹೋಗಿ ಕೇಳಿದೆ, ಅಕ್ಕನಿಗೆ ಈ ವಿಷಯ ಹೇಳಿದ್ದೀರಾ ಎಂದು.

"ಹೇಳೀನಿ."

"ಏನಂದ್ರು ಮೇಡಂ?"

"ಈ ದವಾಖಾನಿ ನರ್ಸ್ ಛಲೋ ಅದಾಳ, ಮಾತಾಡಸ್ತಾಳ ಅಂದ್ಲು." ಹೇಳಿ ಮುಖವನ್ನು ಕಪಾಟಿನ ಕಡೆ ತಿರುಗಿಸಿಕೊಂಡರು. ಸ್ವಲ್ಪ ಹೊತ್ತು ಫೈಲುಗಳ ದಾರ ಬಿಚ್ಚಿ ಕಟ್ಟುತ್ತಿದ್ದರು. ನಾನು ಎದ್ದು ಬಂದೆ.

ಪೀಣ್ಯದವರಿಗೆ ಎರಡು ಗಡಿಯಾರದ ವಿಷಯ ಹೇಗೆ ತಿಳಿಯಿತೋ, ಮೇಡಂ ಹೇಳಿದ್ದಂತೂ ಅಲ್ಲ. ಅವರೇ ಒಬ್ಬ ಹುಡುಗಿಯನ್ನು ಗೇಟಿನ ಹೊರಗೆ ಕೂರಿಸಿ ಸಮಯ ಬರೆಸಿಕೊಂಡಿದ್ದರು ಅನ್ನಿಸುತ್ತದೆ. ಒಪ್ಪಂದದಲ್ಲಿದ್ದ ಹಾಗೆ, ವ್ಯಾಜ್ಯ ಬಗೆಹರಿಸಲು ನೇಮಕವಾಗುವ ಮಧ್ಯಸ್ಥರ ಮುಂದೆ ದೂರು ಕೊಟ್ಟರು. ದರ ನೋಡಿಕೊಂಡಿದ್ದ ಅಧಿಕಾರಿ ಬಂದು ಹೇಳಿಕೆ ಕೊಡಬೇಕೆಂದು ಮೇಡಂಗೆ ಕಾಗದ ಬಂತು.

ವಿಚಾರಣೆಯ ಹಿಂದಿನ ದಿನ ಅವರು ನನ್ನನ್ನು ಕರೆದು, "ನೀ ಬರಬ್ಯಾಡ. ನಿನಗ ಈಗರ ಮದವಿ ಆಗೈತಿ" ಅಂದರು. ನಾನು ತಲೆಯಾಡಿಸಿದೆ. ಬೆಳಿಗ್ಗೆ ಜ್ವರವೆಂದು ರಜೆ ಹಾಕಿ ಮೆಟ್ರೊ ಹತ್ತಿದೆ. ವಿಚಾರಣೆ ನಡೆಯುತ್ತಿದ್ದ ಕೋಣೆಯ ಕೊನೆಯ ಕುರ್ಚಿಯಲ್ಲಿ, ನಮ್ಮ ಕಂಪನಿಯವರಿಗೆ ಕಾಣದ ಹಾಗೆ ಕೂತೆ. ನೋಡಿಕೊಂಡು ಬರೋಣ ಎನ್ನುವಷ್ಟೇ ನನ್ನ ಧೈರ್ಯ.

ಮಧ್ಯಸ್ಥರು ವಯಸ್ಸಾದ ನಿವೃತ್ತ ನ್ಯಾಯಾಧೀಶರು. ಅವರಿಗೆ ರೈಲಿನ ವಿಷಯ ಹೊಸದು. ಮೇಡಂ ಒಂದು ಹಾಳೆ ಕೇಳಿ, ಪೆನ್ಸಿಲಿನಲ್ಲಿ ಗೇಟು, ಲೈನು, ಕ್ರೇನು ಬರೆದು, ಐದೇ ನಿಮಿಷದಲ್ಲಿ ವಿಷಯ ಬಿಡಿಸಿಟ್ಟರು. ಆಮೇಲೆ ನಮ್ಮ ಕಂಪನಿಯ ವಕೀಲರು ಎದ್ದರು.

"ನೀವು ಸಂಬಳ ತಗೊಳ್ಳೋದು ಯಾರಿಂದ ಮೇಡಂ?"

"ಕಂಪನಿಯಿಂದ್ರಿ."

"ಈಗ ಯಾರ ಪರವಾಗಿ ಮಾತಾಡ್ತಿದ್ದೀರಿ?"

"ಕಂಪನಿ ಪರವಾಗೇರಿ. ಎಲ್ಲಾರಿಗೂ ಒಂದ ನಿಯಮ ಅಂತ ಕಂಪನಿ ಬರದು ಕೊಟ್ಟೈತಿ. ಆ ಮಾತು ಉಳಸಾಕಂತನ ನನಗ ಪಗಾರ ಕೊಡ್ತಾರು."

ವಕೀಲರು ಕಾಗದ ತಿರುವಿ, ಗೇಟಿನ ಸಮಯ ತುಂಬಿದವರು ಯಾರು ಎಂದು ಕೇಳಿದರು. ಮೇಡಂ ಹಿಂದಕ್ಕೆ ತಿರುಗಿ ನೋಡಲಿಲ್ಲ. ನಾನು ಬಂದಿರುವುದು ಅವರಿಗೆ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. "ತುಂಬಿದವ್ರು ನನ್ನ ಕೈಕೆಳಗಿನವ್ರು. ಸಹಿ ನಂದು. ಕೇಳೂದಿದ್ರ ನನ್ನ ಕೇಳ್ರಿ" ಅಂದರು.

ನಾನು ಎದ್ದು ನಿಂತೆ. ಧೈರ್ಯ ಬಂದದ್ದರಿಂದಲ್ಲ, ಕೂತಿರುವುದು ಆಗಲಿಲ್ಲ. "ನಾನು ಸಾರ್, ತುಂಬಿದ್ದು ನಾನು" ಎಂದೆ. ಹೇಗೆ ತುಂಬಲು ಹೇಳಿದ್ದರು ಎಂಬುದನ್ನೂ ಹೇಳಿದೆ. ಹೊರಗೆ ಬಂದ ಮೇಲೆ ಮೇಡಂ ನನ್ನನ್ನು ರಸ್ತೆ ಬದಿಯ ಹೋಟೆಲಿಗೆ ಕರೆದೊಯ್ದು, ಎರಡು ಪ್ಲೇಟ್ ಇಡ್ಲಿ ಹೇಳಿ, ನನ್ನ ಪ್ಲೇಟಿಗೆ ತಮ್ಮದರಿಂದ ಒಂದು ಇಡ್ಲಿ ಹಾಕಿದರು.

ಆದೇಶ ಬರಲು ಐದು ತಿಂಗಳು ಹಿಡಿಯಿತು. ಆ ಐದು ತಿಂಗಳು ಪೀಣ್ಯದವರು ಹೆಂಡತಿಯ ಒಡವೆ ಅಡವಿಟ್ಟು ರೈಲು ಓಡಿಸಿದರಂತೆ. ಎಲ್ಲ ರೈಲುಗಳಿಗೂ ಲೈನಿಗೆ ಬಂದು ನಿಂತ ಹೊತ್ತಿನಿಂದಲೇ ಗಡಿಯಾರ, ತಪ್ಪಾಗಿ ಹಾಕಿದ ದಂಡ ವಾಪಸು, ರೈಲುಗಳ ಸಮಯವನ್ನು ಎಲ್ಲರಿಗೂ ಕಾಣುವ ಹಾಗೆ ಹೊರಗಿನ ಹಲಗೆಯಲ್ಲಿ ಹಾಕಬೇಕು ಎಂದು ಆದೇಶವಾಯಿತು. ನಮ್ಮಿಬ್ಬರ ಕೆಲಸ ಹೋಗುತ್ತದೆ ಎಂದೇ ನಾನು ಕಾದಿದ್ದೆ. ಆದದ್ದು ಬೇರೆ. ಇಲ್ಲಿ ಗಡಿಯಾರ ನೆಟ್ಟಗಾಗಿದೆ ಎಂದು ಸುದ್ದಿ ಹರಡಿ, ಅಲ್ಲಿಯವರೆಗೆ ನಮ್ಮ ಕಡೆ ತಲೆ ಹಾಕದಿದ್ದ ಇನ್ನಿಬ್ಬರು ತಮ್ಮ ರೈಲು ತಂದರು. ಜನರಲ್ ಮ್ಯಾನೇಜರ್ ಬೇರೆ ಊರಿಗೆ ಹೋದರು. ಹೊಸದಾಗಿ ಬಂದವರು ಒಂದು ಬೆಳಿಗ್ಗೆ ರೆಕಾರ್ಡ್ ರೂಮಿಗೆ ತಾವೇ ಬಂದು, ಮೇಡಂ ಮೇಜನ್ನು ಮೊದಲಿನ ಜಾಗಕ್ಕೆ ಹಾಕಿಸಿದರು. ಅಕ್ಕನ ಹೆಸರೂ ಮತ್ತೆ ಸೇರಿತು. ಆದರೆ ಅಕ್ಕ ಆ ನರ್ಸನ್ನು ಬಿಟ್ಟು ಬರಲು ಒಪ್ಪಲಿಲ್ಲ. ಕೊನೆಯವರೆಗೂ ಅಲ್ಲಿಗೇ ಹೋದರು.

ಮೇಡಂ ಎಂಥವರು ಎಂದು ನನಗೆ ಪೂರ್ತಿ ತಿಳಿದದ್ದು ಆಮೇಲೆ. ಆದೇಶ ಬಂದ ಎರಡು ತಿಂಗಳಿಗೆ ಪೀಣ್ಯದವರು ಪೇಡೆಯ ಡಬ್ಬಿ ಹಿಡಿದು ಬಂದರು. ಧಾರವಾಡದಿಂದಲೇ ತರಿಸಿದ್ದು. ಕೂತು, ಆ ಮಾತು ಈ ಮಾತು ಆಡಿ, ಕೊನೆಗೆ ಹಿಂದಿನ ದಿನದ ಬಿಲ್ಲು ತೆಗೆದರು. ಅವರ ಕಂಟೇನರಿನ ಬಾಗಿಲು ಕೆಟ್ಟು ರೈಲು ಲೈನಿನ ಮೇಲೆ ನಲವತ್ತು ನಿಮಿಷ ಹೆಚ್ಚು ನಿಂತಿತ್ತು.

"ನಲವತ್ ನಿಮಿಷ ಅಲ್ವಾ ಮೇಡಂ. ಇದೊಂದ್ಸಲ ನೋಡ್ಕೊಳ್ಳಿ. ನಿಮ್ಮಿಂದ್ಲೇ ಉಳ್ಕೊಂಡಿರೋನು ನಾನು."

"ತಡೀರಿ, ಓದೂಣು" ಎಂದು ಮೇಡಂ ಪೆನ್ಸಿಲ್ ತೆಗೆದರು. ನಿಯಮವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಅದರಲ್ಲಿ ಬಾಗಿಲು ಕೆಟ್ಟರೆ ಬಿಡಬೇಕೆಂದು ಇರಲಿಲ್ಲ. ಬಿಲ್ಲನ್ನೂ ಡಬ್ಬಿಯನ್ನೂ ಒಟ್ಟಿಗೇ ಅವರ ಕಡೆ ಸರಿಸಿದರು. "ಪೇಡೆ ನಿಮ್ಮ ಹಮಾಲರಿಗೆ ಕೊಡ್ರಿ. ಬಿಸಲಾಗ ದುಡದಾರ."

ಪೀಣ್ಯದವರ ಮುಖ ಕೆಂಪಾಯಿತು. "ಆ ಜಿಎಂಗಿಂತ ನೀವೇ ಕಷ್ಟ ಮೇಡಂ" ಎಂದು ಎದ್ದು ಹೋದರು. ಅವರು ಹೋದ ಮೇಲೆ ನಾನು, ಇಷ್ಟು ಮಾಡಿದವರು ನಲವತ್ತು ನಿಮಿಷ ಬಿಡಬಹುದಿತ್ತಲ್ಲ ಮೇಡಂ ಎಂದೆ.

"ಇವತ್ತು ಅವಗ ಬಿಟ್ರ, ಅವತ್ತು ನಾ ಅವನ ಸಂಬಂಧ ಹೋಗಿ ನಿಂತಂಗಾತು" ಅಂದರು. "ನಾ ಅವನ ಸಂಬಂಧ ಹೋಗಿದ್ದಿಲ್ಲ."

ಒಂದು ವರ್ಷ ಪೀಣ್ಯದವರು ಮೇಡಂ ಜೊತೆ ಮಾತು ಬಿಟ್ಟಿದ್ದರು. ಬಿಲ್ಲು ಕಟ್ಟುತ್ತಿದ್ದರು, ಮುಖ ನೋಡುತ್ತಿರಲಿಲ್ಲ. ಅಕ್ಕ ತೀರಿಕೊಂಡಾಗ ಮಾತ್ರ ವರ್ತೂರಿನ ಮನೆಗೆ ಬಂದು, ಹೆಣ ಎತ್ತುವವರೆಗೂ ಬಾಗಿಲ ಬಳಿ ನಿಂತಿದ್ದರು. ಅದಾಗಿ ಕೆಲವು ತಿಂಗಳಿಗೆ ಮೇಡಂ ಕೆಲಸ ಬಿಟ್ಟು ಹುಬ್ಬಳ್ಳಿಗೆ ಹೋದರು. ಬೀಳ್ಕೊಡುಗೆಯ ದಿನ ಭಾಷಣ ಮಾಡಿ ಎಂದು ಎಲ್ಲರೂ ಹೇಳಿದಾಗ, ಎದ್ದು ನಿಂತು, "ಮೂರನೇ ಲೈನಿನ ಹತ್ತಿರ ನೀರು ನಿಲ್ಲತೈತಿ, ಮಳಿಗಾಲದೊಳಗ ನೋಡ್ರಿ" ಎಂದು ಹೇಳಿ ಕೂತರು.

ಚಾಲಕರಿಂದ ಸುದ್ದಿ ತಿಳಿದ ಆ ದಿನ ನಾನು ಪೀಣ್ಯದವರಿಗೆ ಫೋನ್ ಮಾಡಿದೆ. ಅವರು ಈಗ ದೊಡ್ಡವರು. ನೆಲಮಂಗಲದ ಆಚೆ ನಾಲ್ಕೈದು ಜನ ಸೇರಿ ಸ್ವಂತ ಹಳಿ ಹಾಕಿಸಿದ್ದಾರೆ, ಅಲ್ಲಿ ಬೇರೆಯವರ ರೈಲುಗಳೂ ಬರುತ್ತವೆ. ಅವರಿಗೆ ಸುದ್ದಿ ಮೊದಲೇ ಗೊತ್ತಿತ್ತು. ಮಣ್ಣಿಗೂ ಹೋಗಿ ಬಂದಿದ್ದರು.

"ನಿಮಗೆ ಯಾರು ಹೇಳಿದ್ರು?" ಎಂದು ಕೇಳಿದೆ.

"ನಾನು ಹುಬ್ಬಳ್ಳಿಗೆ ಹೋಗಿ ಬಂದು ಮಾಡ್ತಿದ್ದೆ ಗುರು. ನಮ್ ಲೈನಿನ ರೂಲ್ಸ್ ಬರೆದುಕೊಟ್ಟಿದ್ದು ಆಯಮ್ಮನೇ. ಮೊದ್ಲು ನಾನೇ ಒಂದು ಬರ್ಕೊಂಡು ಹೋಗಿದ್ದೆ. ನಮ್ ರೈಲಿಗೆ ಒಂಚೂರು ಅನುಕೂಲ ಇಟ್ಕೊಂಡಿದ್ದೆ, ಸುಳ್ಳ್ಯಾಕೆ. ಹಾಸಿಗೇಲಿ ಮಲ್ಗಿದ್ರು, ಕೂರಕ್ಕೂ ಆಗ್ತಿರ್ಲಿಲ್ಲ. ಗಟ್ಟಿಯಾಗಿ ಓದು ಅಂದ್ರು. ಓದ್ತಾ ಓದ್ತಾ ಆ ಸಾಲು ಬಂತು ನೋಡು, ನನ್ ಬಾಯಿಂದ್ಲೇ ಹೊರಡ್ಲಿಲ್ಲ." ಆಮೇಲೆ ತಾವೇ ಹೇಳಿದರು: "ಹೊಡೆದು ಹಾಕ್ದೆ. ಅಲ್ಲೇ, ಅವರ ಮುಂದೆನೇ."

ಹೋದ ಬುಧವಾರ ನಮ್ಮ ಕಂಪನಿಯ ರೈಲು ಮೊದಲ ಸಲ ಅವರ ಹಳಿಗೆ ಹೋಯಿತು. ಅವರದೇ ರೈಲು ಕ್ರೇನಿನ ಕೆಳಗೆ ನಿಂತಿತ್ತೆಂದು ನಮ್ಮದು ಗೇಟಿನಲ್ಲಿ ಒಂದೂವರೆ ಗಂಟೆ ಕಾದು ನಿಂತಿತು. ಶುಕ್ರವಾರ ಬಿಲ್ಲು ಬಂತು. ನಾನು ಸಾಲು ಸಾಲಾಗಿ ಓದಿದೆ. ಆ ಒಂದೂವರೆ ಗಂಟೆ ಅದರಲ್ಲಿ ಎಲ್ಲೂ ಇರಲಿಲ್ಲ.